ಕಾಯಿಲೆಯ ದಿನ ಬೇರೆ, ಕೆಲಸವಿಲ್ಲದ ದಿನ ಬೇರೆ

“ಎರಡೆರಡು ಕಡೆ ದುಡ್ಡು ಕೇಳಬಾರದಂತೆ ಅಕ್ಕಾ. ಕೆಲಸ ಹೋಯ್ತು ಅಂತ ಅರ್ಜಿ ಹಾಕಿದ್ರೆ ಕಾಯಿಲೆ ದುಡ್ಡಿನ ಕತೆ ಅಲ್ಲಿಗೇ ಮುಗೀತಂತೆ. ಯಾವುದಾದ್ರೂ ಒಂದು ಬಿಟ್ಬಿಡಮ್ಮ ಅಂದ್ರು.”

ಮತ್ತಿಕೆರೆಯ ನಮ್ಮ ಬೀದಿಯಲ್ಲಿ ಕಾಂಪೌಂಡು ಗೋಡೆಗಳು ಎದೆಮಟ್ಟಕ್ಕಿವೆ. ಆಚೆ ಬಟ್ಟೆ ಒಣಹಾಕುವವರು, ಈಚೆ ಸೊಪ್ಪು ಬಿಡಿಸುವವರು ಮಾತಿಗೆ ನಿಂತರೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ. ಪಕ್ಕದ ಮನೆಯ ಈ ಹುಡುಗಿ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವಳು. ಫೆಬ್ರವರಿಯಲ್ಲಿ ಕಾಮಾಲೆ ಬಂದು 24 ದಿನ ಮಲಗಿದಳು. ಏಪ್ರಿಲ್‌ನಲ್ಲಿ ಆರ್ಡರ್ ಇಲ್ಲವೆಂದು ಅವಳಿದ್ದ ಲೈನನ್ನೇ ಮುಚ್ಚಿದರು. ಕಾಯಿಲೆಯ ದುಡ್ಡು ಕೇಳಲು ನೌಕರರ ರಾಜ್ಯ ವಿಮೆಯ (ಇಎಸ್‌ಐ) ಬ್ರಾಂಚ್ ಆಫೀಸಿಗೆ ಹೋದರೆ, ಸರ್ಟಿಫಿಕೇಟು ನರ್ಸಿಂಗ್ ಹೋಮಿನದು, ಇಎಸ್‌ಐ ಡಾಕ್ಟರದಲ್ಲ, ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿ ಕಳಿಸಿದರಂತೆ. ಒಂದನ್ನು ಬಿಟ್ಟುಬಿಡು ಎಂಬ ಬುದ್ಧಿವಾದ ಸಿಕ್ಕಿದ್ದು ಹೊರಗೆ ಅರ್ಜಿ ತುಂಬಿಕೊಡುವವನಿಂದ.

ನಾನು ಪೀಣ್ಯದಲ್ಲೇ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಹಾಜರಿ ಪುಸ್ತಕ, ಪಿಎಫ್, ಇಎಸ್‌ಐ ಲೆಕ್ಕ ನೋಡಿಕೊಂಡಿದ್ದವಳು. “ಒಂದನ್ನೂ ಬಿಡಬೇಡ ಕಣಮ್ಮ” ಅಂದೆ. “ಕಾಯಿಲೆ ಬಿದ್ದಿದ್ದು ಯಾವಾಗ? ಫೆಬ್ರವರಿ. ಕೆಲಸ ಹೋಗಿದ್ದು ಯಾವಾಗ? ಏಪ್ರಿಲ್. ಆ ದಿನಗಳೇ ಬೇರೆ, ಈ ದಿನಗಳೇ ಬೇರೆ. ಒಂದೇ ದಿನಕ್ಕೆ ಎರಡು ಹಣ ಕೇಳಬಾರದು, ಅಷ್ಟೇ. ನೀನು ಕೇಳ್ತಿರೋದು ಹಾಗಲ್ಲವಲ್ಲ.”

ನಿಯಮ ಇರುವುದೂ ಹಾಗೆಯೇ. ಇಎಸ್‌ಐ ಕಾಯಿದೆಯ 65ನೇ ಕಲಂ ಒಂದೇ ಅವಧಿಗೆ ಎರಡು ನಗದು ಸೌಲಭ್ಯ ಕೊಡಬಾರದು ಎನ್ನುತ್ತದೆ. ನಿರುದ್ಯೋಗಿ ಕಾರ್ಮಿಕರಿಗಾಗಿ 2018ರ ಜುಲೈ 1ರಿಂದ ಬಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯೂ ಇದೇ ಕಲಂ ಹೆಸರಿಸಿ, ಪರಿಹಾರವನ್ನೂ ಬೇರೆ ನಗದು ಸೌಲಭ್ಯವನ್ನೂ ಒಂದೇ ಅವಧಿಗೆ ಒಟ್ಟಿಗೆ ಕೊಡುವುದಿಲ್ಲ ಎನ್ನುತ್ತದೆ. ಹಿಂದಿನ ತಿಂಗಳ ಕಾಯಿಲೆಯ ಹಣಕ್ಕೆ ಹೋರಾಡುತ್ತಿರುವವರು ಈ ತಿಂಗಳ ನಿರುದ್ಯೋಗದ ಹಣ ಕೇಳಬಾರದು ಎಂದು ಎಲ್ಲೂ ಹೇಳಿಲ್ಲ. ಎಷ್ಟೋ ಜನ ಇದೊಂದು ತಪ್ಪು ತಿಳಿವಳಿಕೆಯಿಂದ ಎರಡರಲ್ಲಿ ಒಂದನ್ನು, ಕೆಲವರು ಎರಡನ್ನೂ ಕೈಬಿಡುತ್ತಾರೆ.

ಅವಳ ಲೆಕ್ಕವನ್ನೇ ನೋಡಿ. ದಿನಕ್ಕೆ ಸರಾಸರಿ 500 ರೂಪಾಯಿ ಕೂಲಿ ಎಂದಿಟ್ಟುಕೊಳ್ಳೋಣ. ಕಾಯಿಲೆ ಭತ್ಯೆ ಕೂಲಿಯ ಶೇ. 70, ಅಂದರೆ ದಿನಕ್ಕೆ 350. ವರ್ಷಕ್ಕೆ ಹೆಚ್ಚೆಂದರೆ 91 ದಿನ. ಮೊದಲ ಎರಡು ದಿನಕ್ಕೆ ಕೊಡುವುದಿಲ್ಲ. ಹಿಂದಿನ ಕಾಯಿಲೆ ಮುಗಿದು 15 ದಿನದೊಳಗೆ ಮತ್ತೆ ಬಿದ್ದರೆ ಮಾತ್ರ ಆ ಎರಡು ದಿನವೂ ಸೇರುತ್ತದೆ. ಅವಳ 24 ದಿನದಲ್ಲಿ 22 ದಿನಕ್ಕೆ 7,700 ರೂಪಾಯಿ ಬರಬೇಕು. ಅಟಲ್ ಯೋಜನೆಯಲ್ಲಿ ಕೂಲಿಯ ಶೇ. 50, ಹೆಚ್ಚೆಂದರೆ 90 ದಿನ. ದಿನಕ್ಕೆ 250ರಂತೆ 22,500. ಎರಡೂ ಸೇರಿ 30,200 ರೂಪಾಯಿ. ಯಶವಂತಪುರ, ಮತ್ತಿಕೆರೆಯ ಒಂದು ರೂಮಿನ ಮನೆಯಲ್ಲಿ ಬಾಡಿಗೆ, ಹಾಲು, ಮಗುವಿನ ಸ್ಕೂಲು ಫೀಜು ಎಂದು ಬದುಕುವವರಿಗೆ ಇದು ಎಷ್ಟು ದೊಡ್ಡ ಹಣವೆಂದು ನಾನು ವಿವರಿಸಬೇಕಿಲ್ಲ.

“ಇದು ಸರ್ಕಾರ ಕರುಣೆಯಿಂದ ಕೊಡೋದಾ ಅಕ್ಕಾ?” ಎಂದಳು. ಅಲ್ಲವೇ ಅಲ್ಲ. ಅವಳ ಪೇ ಸ್ಲಿಪ್ಪಿನಲ್ಲಿ ತಿಂಗಳು ತಿಂಗಳೂ ಇಎಸ್‌ಐ ಎಂದು ಒಂದು ಕಡಿತವಿತ್ತು. 2019ರ ಜುಲೈ 1ರಿಂದ ಕೆಲಸಗಾರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಅದಕ್ಕೆ ಮುಂಚೆ ಕೆಲಸಗಾರರೇ ಶೇ. 1.75 ಕಟ್ಟುತ್ತಿದ್ದರು. ವಿಮೆಯ ಕಂತು ಕಟ್ಟಿದವರು ಕಷ್ಟ ಬಂದಾಗ ಹಣ ಕೇಳುವುದು ಹಕ್ಕು.

ಈ ಹಕ್ಕಿಗೆ ದೊಡ್ಡ ಚರಿತ್ರೆಯಿದೆ. ಬ್ರಿಟನ್ 1911ರಲ್ಲಿ ಮಾಡಿದ ರಾಷ್ಟ್ರೀಯ ವಿಮಾ ಕಾಯಿದೆಯಲ್ಲಿ ಮೊದಲ ಭಾಗ ಕಾಯಿಲೆಗೆ, ಎರಡನೆಯ ಭಾಗ ನಿರುದ್ಯೋಗಕ್ಕೆ ಇತ್ತು. ನಮ್ಮಲ್ಲಿ ಪ್ರೊಫೆಸರ್ ಬಿ.ಪಿ. ಅಡಾರ್ಕರ್ 1944ರಲ್ಲಿ ಕಾರ್ಮಿಕರ ಆರೋಗ್ಯ ವಿಮೆಯ ವರದಿ ಕೊಟ್ಟರು. ಆಗ ವೈಸರಾಯ್ ಕಾರ್ಯಾಂಗ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದವರು ಡಾ. ಅಂಬೇಡ್ಕರ್. 1948ರಲ್ಲಿ ಕಾಯಿದೆಯಾಯಿತು, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಯೋಜನೆ ಶುರುವಾಯಿತು, ಬೆಂಗಳೂರಿಗೆ ಬಂದದ್ದು 1958ರಲ್ಲಿ. ಆದರೆ ಕಾಯಿಲೆ, ಹೆರಿಗೆ, ಕೆಲಸದ ಗಾಯಗಳಿಗೆ ಜಾಗ ಕೊಟ್ಟ ಆ ಕಾಯಿದೆಯಲ್ಲಿ ನಿರುದ್ಯೋಗಕ್ಕೆ ಜಾಗವಿರಲಿಲ್ಲ. ಅದಕ್ಕೆ ಕಾಯಬೇಕಾದದ್ದು 2005ರ ಏಪ್ರಿಲ್ 1ರವರೆಗೆ. ಆಗ ಬಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಕಾರ್ಖಾನೆ ಮುಚ್ಚಿದವರಿಗೆ, ರಿಟ್ರೆಂಚ್ ಆದವರಿಗೆ, ಕೆಲಸಕ್ಕೆ ಸಂಬಂಧಿಸದ ಗಾಯದಿಂದ ಶೇ. 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಬಂದವರಿಗೆ ಎಂದಾಯಿತು. ಅಟಲ್ ಯೋಜನೆ ಅದರ ನಂತರದ್ದು. ಮೊದಲು ಶೇ. 25 ಇದ್ದ ಪರಿಹಾರವನ್ನು ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 24ರಿಂದ ಅನ್ವಯಿಸುವಂತೆ, ಶೇ. 50ಕ್ಕೆ ಏರಿಸಿದರು. ಕೆಲಸ ಹೋಗಿ 90 ದಿನ ಕಾಯಬೇಕಿದ್ದದ್ದು 30 ದಿನಕ್ಕೆ ಇಳಿಯಿತು. ಹಳೆಯ ಮಾಲೀಕರ ಮೂಲಕವೇ ಹೋಗಬೇಕೆಂಬುದೂ ತಪ್ಪಿ, ಕೆಲಸಗಾರರೇ ನೇರವಾಗಿ ಬ್ರಾಂಚ್ ಆಫೀಸಿಗೆ ಅರ್ಜಿ ಕೊಡುವಂತಾಯಿತು.

“ನನಗೆ ಅದು ಸಿಗತ್ತಾ?” ಎನ್ನುವುದು ಅವಳ ಮುಂದಿನ ಪ್ರಶ್ನೆ. ನೋಡಬೇಕಾದದ್ದು ಇಷ್ಟು. ವಿಮೆಯ ಕೆಲಸದಲ್ಲಿ ಎರಡು ವರ್ಷ ಇದ್ದಿರಬೇಕು. ಕೆಲಸ ಹೋಗುವ ಮುಂಚಿನ ಆರು ತಿಂಗಳ ಕಂತಿನ ಅವಧಿಯಲ್ಲಿ 78 ದಿನದ ಕಂತು, ಆ ಎರಡು ವರ್ಷದ ಉಳಿದ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನದ ಕಂತು ಕಟ್ಟಿರಬೇಕು. ದುರ್ನಡತೆಯ ಶಿಕ್ಷೆಯಾಗಿ ಕೆಲಸದಿಂದ ತೆಗೆದಿರಬಾರದು. ವಯೋನಿವೃತ್ತಿ, ಸ್ವಯಂನಿವೃತ್ತಿ ಆಗಿರಬಾರದು. ಇಡೀ ಜೀವಮಾನಕ್ಕೆ ಸಿಗುವುದು 90 ದಿನ ಮಾತ್ರ. ಆಧಾರ್, ಬ್ಯಾಂಕ್ ಖಾತೆ, ಇಎಸ್‌ಐ ದಾಖಲೆ ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ಇದು ಕಾಯಂ ಯೋಜನೆಯಲ್ಲ, ಅವಧಿ ಹಾಕಿ ಹಾಕಿ ಮುಂದುವರಿಸುತ್ತ ಬಂದಿದ್ದಾರೆ; ಹಾಗಾಗಿ ಅರ್ಜಿ ಹಾಕುವ ಹೊತ್ತಿಗೆ ಚಾಲ್ತಿಯಲ್ಲಿದೆಯೇ ಎಂದು ಬ್ರಾಂಚಿನಲ್ಲಿ ಕೇಳಿಕೊಳ್ಳಬೇಕು. ಲೈನು ಮುಚ್ಚಿದಾಗ “ಸೆಟ್ಲ್‌ಮೆಂಟು ಬೇಗ ಆಗತ್ತೆ, ರಾಜೀನಾಮೆ ಬರೆದುಕೊಡು” ಎಂದು ಕೇಳುವ ಕಡೆ ಹೆಣ್ಣುಮಕ್ಕಳು ಓದದೆ ಸಹಿ ಹಾಕಬಾರದು. ತೆಗೆದವರು ತೆಗೆದೆವೆಂದೇ ಬರೆದುಕೊಡಬೇಕು.

ಇನ್ನು ತಿರಸ್ಕಾರದ ಮಾತು. ಇದರಲ್ಲಿ ಮೊದಲ ತಪ್ಪು ಆಗುವುದು ಕೌಂಟರಿನಲ್ಲಿ. “ಆಗಲ್ಲಮ್ಮ” ಎಂದ ಮಾತಿಗೆ ಮೇಲ್ಮನವಿ ಹಾಕಲು ಬರುವುದಿಲ್ಲ. ಕ್ಲೇಮು ಬರವಣಿಗೆಯಲ್ಲಿ ಕೊಡಬೇಕು, ಸ್ವೀಕೃತಿ ಪಡೆಯಬೇಕು, ಕೊಡುವುದಿಲ್ಲ ಎಂದರೆ ಯಾವ ನಿಯಮದ ಪ್ರಕಾರ ಎಂದು ಹಿಂಬರಹ ಕೇಳಬೇಕು. ಕೊಡದಿದ್ದರೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಅದೇ ಕ್ಲೇಮು ಕಳಿಸಬೇಕು. ಮಾಹಿತಿ ಹಕ್ಕಿನಲ್ಲಿ ಕಡತದ ನಕಲು ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಕಾಗದ ಕೈಗೆ ಬಂದ ಮೇಲೆಯೇ ದಾರಿ ಕಾಣುವುದು, ಯಾಕೆಂದರೆ ಒಂದೊಂದು ಕಾರಣಕ್ಕೆ ಒಂದೊಂದು ಉತ್ತರವಿದೆ.

ಅವಳಿಗೆ ಹೇಳಿದ ಕಾರಣ ಖಾಸಗಿ ಸರ್ಟಿಫಿಕೇಟು. ಇಎಸ್‌ಐ ಡಿಸ್ಪೆನ್ಸರಿಯ ಡಾಕ್ಟರ ಸರ್ಟಿಫಿಕೇಟೇ ಬೇಕೆನ್ನುವುದು ಸಾಮಾನ್ಯ ನಿಯಮ, ನಿಜ. ಆದರೆ ಇಎಸ್‌ಐ ನಿಯಮಾವಳಿಯಲ್ಲೇ, 53ನೇ ನಿಯಮದಲ್ಲಿ, ಸಂದರ್ಭ ನೋಡಿ ಬೇರೆ ಪುರಾವೆಯನ್ನೂ ಒಪ್ಪಬಹುದು ಎಂದಿದೆ. ರಾತ್ರಿ ವಾಂತಿಯಾಗಿ ನಿಲ್ಲಲಾಗದ ಹುಡುಗಿಯನ್ನು ಮನೆಯವರು ಹತ್ತಿರದ ನರ್ಸಿಂಗ್ ಹೋಮಿಗೆ ಸೇರಿಸಿದರು ಎನ್ನುವುದಕ್ಕೆ ಅಡ್ಮಿಷನ್ ಚೀಟಿ, ಡಿಸ್ಚಾರ್ಜ್ ಸಮ್ಮರಿ, ರಕ್ತ ಪರೀಕ್ಷೆಯ ವರದಿ, ಬಿಲ್ಲು ಎಲ್ಲ ಇವೆ. ಅವನ್ನು ಲಗತ್ತಿಸಿ, ಡಿಸ್ಪೆನ್ಸರಿಗೆ ಹೋಗಲಾಗದ ಕಾರಣ ಬರೆದು, ಬೇರೆ ಪುರಾವೆಯಾಗಿ ಪರಿಗಣಿಸಿ ಎಂದು ಕೇಳಬೇಕು. ಇಎಸ್‌ಐನ ಮೆಡಿಕಲ್ ರೆಫರಿ ಅದನ್ನು ನೋಡಿ ಅಭಿಪ್ರಾಯ ಕೊಡಲಿ. ಒಪ್ಪಲೇಬೇಕೆಂದು ನಿಯಮ ಹೇಳುವುದಿಲ್ಲ, ಒಪ್ಪಬಹುದು ಎನ್ನುತ್ತದೆ. ಅದಕ್ಕೇ ಕಾಗದ ಗಟ್ಟಿಯಾಗಿರಬೇಕು. ಕಾಮಾಲೆಗೆ ನಾಟಿ ಔಷಧಿಯನ್ನೇ ನಂಬಿ ಮನೆಯಲ್ಲಿ ಮಲಗುವವರು ನಮ್ಮ ಕಡೆ ಬಹಳ. ಅವರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಇನ್ನೊಂದು ಕಾರಣ ಊರಿಗೆ ಹೋಗಿದ್ದು. ಮೈಯಲ್ಲಿ ಹುಷಾರಿಲ್ಲದಿದ್ದರೆ ಮಧುಗಿರಿಗೋ ಪಾವಗಡಕ್ಕೋ ಗೌರಿಬಿದನೂರಿಗೋ ತವರಿಗೆ ಹೋಗಿ ಮಲಗುವುದು ಸಹಜ. ಗಂಜಿ ಕಾಸಿಕೊಡುವವರು ಅಲ್ಲೇ ಇರುವುದು. ಆದರೆ ಕಾಯಿದೆಯ 64ನೇ ಕಲಂ ಪ್ರಕಾರ ಚಿಕಿತ್ಸೆಯಲ್ಲಿರುವಾಗ ಡಾಕ್ಟರ ಅನುಮತಿಯಿಲ್ಲದೆ ಆ ಪ್ರದೇಶ ಬಿಟ್ಟು ಹೋಗುವಂತಿಲ್ಲ. ಡಿಸ್ಪೆನ್ಸರಿಯ ಡಾಕ್ಟರಿಗೆ ಹೇಳಿ ಬರೆಸಿಕೊಂಡು ಹೋದರೆ ಈ ತೊಡಕು ಬರುವುದಿಲ್ಲ.

ಮೂರನೆಯದು 78 ದಿನದ ಲೆಕ್ಕ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ಕಂತಿಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕಂತಿಗೆ ಜುಲೈಯಿಂದ ಡಿಸೆಂಬರ್‌ವರೆಗೆ. ಆಯಾ ಆರು ತಿಂಗಳಲ್ಲಿ 78 ದಿನದ ಕಂತು ಇರಬೇಕು. ಅವಳ ಫೆಬ್ರವರಿ ಕಾಯಿಲೆಗೆ ನೋಡಬೇಕಾದದ್ದು ಹಿಂದಿನ ವರ್ಷದ ಏಪ್ರಿಲ್–ಸೆಪ್ಟೆಂಬರ್. ಅಲ್ಲಿ ದಿನ ಕಡಿಮೆ ಬಿದ್ದಿದ್ದರೆ ತಪ್ಪು ಯಾರದೆಂದು ನೋಡಬೇಕು. ಕೆಲಸ ಮಾಡಿಸಿಕೊಂಡು ಮಾಲೀಕರು ಕಂತು ಕಟ್ಟದೆ ಹೋಗಿದ್ದರೆ, ಇಎಸ್‌ಐ ಕಾರ್ಪೊರೇಷನ್ ಕೆಲಸಗಾರರಿಗೆ ಸೌಲಭ್ಯ ಕೊಟ್ಟು ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಬಹುದೆಂದು 68ನೇ ಕಲಂ ಹೇಳುತ್ತದೆ. ಅದಕ್ಕೇ ಪೇ ಸ್ಲಿಪ್ಪು, ಹಾಜರಿ ಕಾರ್ಡು, ಸಂಬಳ ಜಮೆಯಾದ ಪಾಸ್‌ಪುಸ್ತಕ ಎಸೆಯಬಾರದು.

“ಈಗ ನಾನು ಕೆಲಸದಲ್ಲೇ ಇಲ್ವಲ್ಲ, ಹಳೇ ಕಾಯಿಲೆ ದುಡ್ಡು ಕೇಳೋಕೆ ನನಗೇನು ಹಕ್ಕಿದೆ?” ಎಂದು ಅವಳಿಗೆ ಅಳುಕು. ಕಾಯಿದೆ ವಿಮಾದಾರರೆಂದು ಕರೆಯುವುದು ಕೆಲಸದಲ್ಲಿ ಇರುವವರನ್ನು ಮಾತ್ರವಲ್ಲ, ಇದ್ದವರನ್ನೂ. ಕಟ್ಟಿದ ಕಂತಿನಿಂದ ಹುಟ್ಟಿದ ಹಕ್ಕು ಗೇಟ್ ಪಾಸ್ ವಾಪಸು ಕೊಟ್ಟ ದಿನ ಸಾಯುವುದಿಲ್ಲ.

ಬ್ರಾಂಚಿನಲ್ಲಿ ಆಗದಿದ್ದರೆ ಮೇಲಿನ ಕಚೇರಿಗೆ ಬರೆಯಬೇಕು. ಕರ್ನಾಟಕದ ಪ್ರಾದೇಶಿಕ ಕಚೇರಿ ಬಿನ್ನಿಪೇಟೆಯ ಬಿನ್ನಿ ಫೀಲ್ಡ್ಸ್‌ನಲ್ಲಿದೆ. ಕುಂದುಕೊರತೆ ಕೇಳಲು ಸುವಿಧಾ ಸಮಾಗಮ ಎಂಬ ಸಭೆ ನಡೆಸುತ್ತಾರೆ. ಅಲ್ಲಿಗೆ ಕಾಗದದ ಕಟ್ಟು ಹಿಡಿದು ಹೋದರೆ ಅಧಿಕಾರಿಗಳ ಎದುರೇ ಮಾತಾಡಬಹುದು. ಅಲ್ಲೂ ಆಗದಿದ್ದರೆ ನೌಕರರ ವಿಮಾ ನ್ಯಾಯಾಲಯ. ಸೌಲಭ್ಯದ ತಕರಾರುಗಳಿಗೆಂದೇ ಕಾಯಿದೆಯಲ್ಲಿ ಹೇಳಿದ ನ್ಯಾಯಾಲಯ ಇದು. ವ್ಯಾಜ್ಯಕಾರಣ ಹುಟ್ಟಿದ ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ ಸೌಲಭ್ಯ ಬಾಕಿಯಾದ 12 ತಿಂಗಳೊಳಗೆ ಇಎಸ್‌ಐಗೆ ಕ್ಲೇಮು ಕೊಟ್ಟಿರಬೇಕು. ಅದಕ್ಕೇ ಅವಳಿಗೆ ಈ ವಾರವೇ ಬರೆಯಲು ಹೇಳಿದ್ದು. ಆ ನ್ಯಾಯಾಲಯದ ತೀರ್ಪಿನಲ್ಲಿ ಕಾನೂನಿನ ಮಹತ್ವದ ಪ್ರಶ್ನೆಯಿದ್ದರೆ 60 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು.

“ಕೋರ್ಟು ಅಂದ್ರೆ ಲಾಯರ್ ಫೀಸಿಗೇ ಆ ಏಳು ಸಾವಿರ ಸಾಲಲ್ಲ ಅಕ್ಕಾ.” ಈ ಮಾತು ನಿಜವಾಗಿದ್ದರೆ ಹಕ್ಕಿಗೆ ಅರ್ಥವೇ ಇರುತ್ತಿರಲಿಲ್ಲ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಂ ಓದಿ: ಹೆಂಗಸರಿಗೆ ಉಚಿತ ಕಾನೂನು ನೆರವು, ಕೈಗಾರಿಕಾ ಕಾರ್ಮಿಕರಿಗೂ ಉಚಿತ. ಅವಳು ಎರಡೂ ಹೌದು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರವಿದೆ. ಇಷ್ಟೇ ಅಲ್ಲ, ವಿಮಾ ನ್ಯಾಯಾಲಯದಲ್ಲಿ ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯೂ ಅವಳ ಪರವಾಗಿ ನಿಲ್ಲಬಹುದು. ಲಿಖಿತ ಒಪ್ಪಿಗೆ ಕೊಟ್ಟರೆ ಸಾಕು.

ಕಾಯಿಲೆ ಬಿದ್ದವರು ಕೆಲಸವನ್ನೂ ಕಳೆದುಕೊಳ್ಳುವುದು ಹೇಗೆಂದು ತಿಳಿಯಲು ಒಂದು ಹಳೆಯ ಪ್ರಕರಣ ನೆನಪಿಡಬೇಕು. ಕಾಯಿಲೆ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕರು ಕೆಲಸದಿಂದ ತೆಗೆಯುವಂತಿಲ್ಲ ಎಂದು ಇಎಸ್‌ಐ ಕಾಯಿದೆಯ 73ನೇ ಕಲಂ ರಕ್ಷಣೆ ಕೊಟ್ಟಿತ್ತು. ಮದರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲಿನ ಒಬ್ಬ ಕೆಲಸಗಾರ 1957ರಲ್ಲಿ ರಜೆ ಮೇಲೆ ಊರಿಗೆ ಹೋದವನು ಕಾಯಿಲೆಯಿಂದ ಅಲ್ಲೇ ಉಳಿದ. ಆಮೇಲೆ ಸರ್ಟಿಫಿಕೇಟು ತಂದ. ಅಷ್ಟರಲ್ಲಿ ಮಿಲ್ಲು, ಎಂಟು ದಿನ ಹೇಳದೆ ಗೈರುಹಾಜರಾದವರು ತಾವೇ ಕೆಲಸ ಬಿಟ್ಟಂತೆ ಎಂಬ ತನ್ನ ಸ್ಟ್ಯಾಂಡಿಂಗ್ ಆರ್ಡರ್ ಹಿಡಿದು ಹೆಸರು ತೆಗೆದಿತ್ತು. ಸುಪ್ರೀಂ ಕೋರ್ಟ್ ಮಿಲ್ಲಿನ ಪರವೇ ತೀರ್ಪು ಕೊಟ್ಟಿತು; ಇದು ಮಾಲೀಕರು ತೆಗೆದುಹಾಕಿದ್ದಲ್ಲ, 73ನೇ ಕಲಂ ಅನ್ವಯವಾಗುವುದಿಲ್ಲ ಎಂದಿತು. ಆ ಮಿಲ್ಲನ್ನೂ ನಮ್ಮ ಬೆಂಗಳೂರಿನ ಬಿನ್ನಿ ಮಿಲ್ಲನ್ನೂ ನಡೆಸುತ್ತಿದ್ದದ್ದು ಒಂದೇ ಬಿನ್ನಿ ಕಂಪನಿ. ಆ ತೀರ್ಪಿನ ಪಾಠ ಇಂದಿಗೂ ಪೀಣ್ಯದ ಪ್ರತಿ ಶೆಡ್ಡಿಗೂ ಸಲ್ಲುತ್ತದೆ. ಡಾಕ್ಟರ ಚೀಟಿ ಇಎಸ್‌ಐಗೆ ಕೊಟ್ಟರೆ ಸಾಲದು, ಕಾಯಿಲೆ ಬಿದ್ದ ದಿನವೇ ಕಾರ್ಖಾನೆಗೂ ರಜಾಚೀಟಿ ಹೋಗಬೇಕು. ಸೂಪರ್‌ವೈಸರಿಗೆ ಫೋನ್ ಮಾಡಿ ಹೇಳಿದ್ದು ಪುರಾವೆಯಾಗಿ ನಿಲ್ಲುವುದು ಕಷ್ಟ. ವಾಟ್ಸಾಪಿನಲ್ಲಿ ಬರೆದು ಕಳಿಸಿದ್ದರೂ ಉಳಿಸಿಟ್ಟುಕೊಳ್ಳಿ.

ಕಾನೂನಿನ ಪುಸ್ತಕವೂ ಈಗ ಹೊಸದು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಇಎಸ್‌ಐ ವಿಷಯಗಳು ಅದರೊಳಗೆ ಸೇರಿವೆ. ನಾನು ಹೇಳಿದ ಕಲಂ ನಂಬರುಗಳು ಹಳೆಯ ಕಾಯಿದೆಯವು. ಅರ್ಜಿ ಬರೆಯುವಾಗ ಈಗಿನ ನಂಬರನ್ನು ಕಾನೂನು ನೆರವಿನ ವಕೀಲರಿಂದ ಕೇಳಿ ಬರೆಸಿಕೊಳ್ಳಬೇಕು. ನೌಕರರ ವಿಮಾ ನ್ಯಾಯಾಲಯ ಹೊಸ ಸಂಹಿತೆಯಲ್ಲೂ ಇದೆ.

ದಿನಾಂಕದ ವಿಷಯದಲ್ಲಿ ಮಾತ್ರ ಪ್ರಾಮಾಣಿಕವಾಗಿರಬೇಕು ಎಂದು ಅವಳಿಗೆ ಒತ್ತಿ ಹೇಳಿದೆ. ಮಲಗಿದ್ದ ದಿನಕ್ಕೆ ಸಂಬಳ ಬಂದಿದ್ದರೆ ಆ ದಿನದ ಭತ್ಯೆ ಕೇಳಬಾರದು. ನಿರುದ್ಯೋಗದ ಹಣ ಪಡೆಯುವಾಗ ಬೇರೆ ಕಡೆ ಕೆಲಸ ಸಿಕ್ಕರೆ ಆ ದಿನದಿಂದ ನಿಲ್ಲಿಸಬೇಕು. ಆ ಅವಧಿಯಲ್ಲಿ ಮತ್ತೆ ಕಾಯಿಲೆ ಬಿದ್ದು ಭತ್ಯೆಗೆ ಅರ್ಹಳಾದರೆ, ಆ ದಿನಗಳಿಗೆ ಎರಡರಲ್ಲಿ ಒಂದನ್ನೇ ಕೇಳಬೇಕು. ಸುಳ್ಳು ಹೇಳಿ ಪಡೆದದ್ದನ್ನು ವಾಪಸು ಕಟ್ಟಬೇಕಾಗುತ್ತದೆ, 84ನೇ ಕಲಂನಲ್ಲಿ ಆರು ತಿಂಗಳವರೆಗೆ ಜೈಲಿನ ಶಿಕ್ಷೆಯೂ ಇತ್ತು. ಎರಡು ಅರ್ಜಿಯಲ್ಲೂ ದಿನಾಂಕ ಸ್ಪಷ್ಟವಾಗಿ ಬರೆದವರಿಗೆ ಹೆದರಿಕೆ ಬೇಡ. ಕಾಯಿಲೆಯ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ ಎಂದು ನಿರುದ್ಯೋಗದ ಅರ್ಜಿಯಲ್ಲೇ ಒಂದು ಸಾಲು ಬರೆದರೆ ಇನ್ನೂ ಒಳ್ಳೆಯದು.

ಪೀಣ್ಯದ ಹೆಣ್ಣುಮಕ್ಕಳಿಗೆ ದನಿಯಿಲ್ಲ ಎನ್ನುವವರು 2016ರ ಏಪ್ರಿಲ್ ನೆನಪಿಸಿಕೊಳ್ಳಲಿ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಬಂದರು. ಹೊಸೂರು ರಸ್ತೆಯೂ ನಮ್ಮ ತುಮಕೂರು ರಸ್ತೆಯೂ ನಿಂತುಹೋದವು. ಏಪ್ರಿಲ್ 19ರಂದು ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. ಪಿಎಫ್ ನಮ್ಮದೆಂದು ಆವತ್ತು ಒಂದಾಗಿ ನಿಂತವರೇ ಇಎಸ್‌ಐ ವಿಷಯ ಬಂದಾಗ ಒಬ್ಬೊಬ್ಬರೇ ಕೌಂಟರಿಗೆ ಹೋಗಿ ಒಬ್ಬೊಬ್ಬರೇ ವಾಪಸು ಬರುತ್ತಾರೆ. ಕಾಯಿಲೆ ಎಲ್ಲರಿಗೂ ಒಂದೇ ದಿನ ಬರುವುದಿಲ್ಲ, ಅದಕ್ಕೇ ಈ ಅನ್ಯಾಯ ಗುಂಪಾಗಿ ಕಾಣುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಆದ್ದರಿಂದ ಈ ಮಾತು ಓದಿದವರಲ್ಲಿ ನನ್ನದೊಂದು ಕೋರಿಕೆ. ಮತ್ತಿಕೆರೆ, ಯಶವಂತಪುರ, ಹೆಬ್ಬಾಳ, ಯಲಹಂಕ, ಎಲ್ಲೇ ಇರಿ, ನಿಮ್ಮ ಬೀದಿಯಲ್ಲಿ ಇಎಸ್‌ಐ ಕಾರ್ಡಿರುವ ಮನೆ ಇದ್ದೇ ಇರುತ್ತದೆ. ಅವರಿಗೆ ಕನ್ನಡದಲ್ಲಿ ಒಂದು ಅರ್ಜಿ ಬರೆದುಕೊಡಿ, ಸ್ವೀಕೃತಿ ಪಡೆಯುವವರೆಗೆ ಜೊತೆಗೆ ನಿಲ್ಲಿ. ಕೆಲಸಗಾರರಿಗೂ ಅಷ್ಟೇ ಹೇಳುವುದು: ಬಾಯಿಮಾತಿನ ತಿರಸ್ಕಾರ ಒಪ್ಪಬೇಡಿ, ಹಿಂಬರಹ ಕೇಳಿ. ಕಾಯಿಲೆಯ ದಿನದ ಹಣಕ್ಕೂ ಅರ್ಜಿ ಹಾಕಿ, ಕೆಲಸವಿಲ್ಲದ ದಿನದ ಹಣಕ್ಕೂ ಹಾಕಿ. ಎರಡೂ ನೀವು ಕಂತು ಕಟ್ಟಿ ಪಡೆದ ಹಕ್ಕು.